ಮೈಲುತುತ್ತದ ನಾಡಿನಲ್ಲಿ ಕಡಲ ಅರ್ಚಿನ್

ಮಡಿಕೇರಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಕಡಲ ಅರ್ಚಿನ್, ಅಂದರೆ ಮೈತುಂಬ ಮುಳ್ಳಿರುವ ಉಂಡೆಯಂಥ ಕಡಲಜೀವಿ, ಸಾಕುವವರಿಗೆ ಒಂದು ಲಾಭವಿದೆ: ನೀರು ತಂಪಾಗಿಸುವ ಚಿಲ್ಲರ್‌ಗೆ ದುಡ್ಡು ಸುರಿಯಬೇಕಿಲ್ಲ. ಇಲ್ಲಿ ಬೇಕಿರುವುದು ಹೀಟರ್. ತೊಟ್ಟಿಯನ್ನು 25 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತೇನೆ. ಹೀಟರಿಗೆ ಪ್ಲಾಸ್ಟಿಕ್ ಜಾಲರಿ ಹಾಕಿದ್ದೇನೆ, ಏಕೆಂದರೆ ಅರ್ಚಿನ್ ಹತ್ತದ ಜಾಗವೇ ಇಲ್ಲ.

ನನಗೆ ನಿಜವಾದ ಭಯವಿರುವುದು ತಾಮ್ರದ್ದು. ಮಳೆಗೆ ಮುಂಚೆ ಕಾಫಿಯ ಕೊಳೆರೋಗಕ್ಕೆ, ಮೆಣಸಿನ ಸೊರಗು ರೋಗಕ್ಕೆ ಎಂದು ತೋಟ ತೋಟದಲ್ಲೂ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಮೀನು ತಾಳಿಕೊಳ್ಳುವಷ್ಟು ತಾಮ್ರವೇ ಅರ್ಚಿನ್ನಿಗೆ ಸಾವು. ಹಾಗಾಗಿ ತೋಟದ ಬಕೆಟ್, ಡ್ರಮ್ಮು, ಪೈಪು ಯಾವುದೂ ಅಕ್ವೇರಿಯಂ ಕೋಣೆಯೊಳಗೆ ಬರುವಂತಿಲ್ಲ. ಸಿಂಪಡಣೆಯ ದಿನ ಯಾರೂ ತೊಟ್ಟಿಗೆ ಕೈ ಹಾಕುವಂತಿಲ್ಲ. ಮಾಡಿನಿಂದ ಇಳಿಯುವ ಮಳೆನೀರು ಎಷ್ಟೇ ತಿಳಿಯಾಗಿ ಕಂಡರೂ ನನಗೆ ಬೇಡ. ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಕಲಸಿ, ಸಾಪೇಕ್ಷ ಸಾಂದ್ರತೆ 1.025 ಬರುವಂತೆ ನೋಡಿಕೊಳ್ಳುತ್ತೇನೆ. ಮೀನಿನ ಚುಕ್ಕೆರೋಗಕ್ಕೆ ಮಾರುವ ಔಷಧಿಗಳಲ್ಲೂ ತಾಮ್ರವಿರುವುದುಂಟು. ಮೀನಿಗೆ ಕಾಯಿಲೆಯಾದರೆ ಅದಕ್ಕೆ ಬೇರೆ ತೊಟ್ಟಿಯಲ್ಲೇ ಚಿಕಿತ್ಸೆ.

ಮಳೆಗಾಲದ ಇನ್ನೊಂದು ಉಪದ್ರವ ಪಿಎಚ್. ಕಿಟಕಿ ಬಾಗಿಲು ಮುಚ್ಚಿ ಕೂರುವ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು, ನೀರಿನಲ್ಲಿ ಕರಗಿ, ಪಿಎಚ್ ಇಳಿಸುತ್ತದೆ. ಅರ್ಚಿನ್ನಿನ ಚಿಪ್ಪು, ಮುಳ್ಳು ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್. ಪಿಎಚ್ ಇಳಿದಷ್ಟೂ ಅದನ್ನು ಕಟ್ಟಿಕೊಳ್ಳುವುದು ಕಷ್ಟ. ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸ್ಕಿಮ್ಮರಿನ ಗಾಳಿಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟಿದ್ದೇನೆ, ಪಿಎಚ್ ಚೇತರಿಸಿಕೊಂಡಿತು. ಆದರೆ ಪಕ್ಕದ ತೋಟದಲ್ಲಿ ಸಿಂಪಡಣೆಯ ಪಂಪಿನ ಸದ್ದು ಕೇಳಿದರೆ ಮೊದಲು ಆ ಕೊಳವೆಯನ್ನು ಒಳಗೆ ಎಳೆದುಕೊಳ್ಳುತ್ತೇನೆ! ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ, ಮೆಗ್ನೀಸಿಯಂ 1300ರ ಸುತ್ತ ಇದ್ದರೆ ಸಾಕು.

ಕರೆಂಟ್ ಹೋದಾಗ ಬಿಸಿಗಿಂತ ಮೊದಲು ಕೈಕೊಡುವುದು ಆಮ್ಲಜನಕ. ಆದ್ದರಿಂದ ಇನ್ವರ್ಟರಿಗೆ ನೀರು ತಿರುಗಿಸುವ ಪಂಪನ್ನು ಮಾತ್ರ ಜೋಡಿಸಿದ್ದೇನೆ. ಬಿಸಿ ಆರದಂತೆ ಗಾಜಿನ ಬದಿಗಳಿಗೆ ಥರ್ಮೊಕೋಲ್ ಒರಗಿಸುತ್ತೇನೆ.

ಮನೆಯ ತೊಟ್ಟಿಗೆ ಟಕ್ಸೀಡೋ ಎಂಬ ಗಿಡ್ಡ ಮುಳ್ಳಿನ ಜಾತಿಯ ಅರ್ಚಿನ್ ಸೂಕ್ತ. ಉದ್ದ ಮುಳ್ಳಿನ ಡಯಡೀಮಾ ನೋಡಲು ಠೀವಿಯದೇ, ಆದರೆ ಅದರ ಮುಳ್ಳು ಚುಚ್ಚಿ ಮುರಿದರೆ ನೋವು ಬೇಗ ಬಿಡದು. ಟಕ್ಸೀಡೋ ಸಿಕ್ಕ ಚಿಪ್ಪು, ಕಲ್ಲುಚೂರುಗಳನ್ನು ಬೆನ್ನಿಗೇರಿಸಿಕೊಂಡು ಸಂತೆಗೆ ಹೊರಟವಳಂತೆ ಓಡಾಡುತ್ತದೆ. ಪಾಚಿಯೆಲ್ಲ ಖಾಲಿಯಾದ ತೊಟ್ಟಿಯಲ್ಲಿ ಅದು ಮೆಲ್ಲಗೆ ಉಪವಾಸ ಬೀಳುತ್ತದೆ. ಗಾಜು ಲಕಲಕ ಎಂದರೆ ಯಜಮಾನನಿಗೆ ಸಂತೋಷ, ಅದಕ್ಕಲ್ಲ. ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಹತ್ತಿರ ಇಟ್ಟರೆ ರಾತ್ರಿಯಲ್ಲಿ ತಿಂದು ಮುಗಿಸುತ್ತದೆ. ಮುಳ್ಳುಗಳು ಉದುರತೊಡಗಿದರೆ ಲವಣಾಂಶ, ಅಮೋನಿಯಾ ಎರಡನ್ನೂ ಆಗಲೇ ಅಳೆಯಬೇಕು. ಗಾಜಿಗೆ ಅಂಟಿಕೊಂಡಾಗ ಕಿತ್ತು ತೆಗೆಯಬಾರದು, ಅದು ಅಂಟಿಕೊಳ್ಳಲು ಬಳಸುವ ಸಣ್ಣ ಕೊಳವೆಪಾದಗಳು ಹರಿದುಹೋಗುತ್ತವೆ.

ಹೊಸದನ್ನು ತರುವುದಾದರೆ ಜನವರಿ, ಫೆಬ್ರುವರಿಯಲ್ಲಿ ತರುತ್ತೇನೆ. ಮಳೆಗಾಲದಲ್ಲಿ ಘಾಟಿಯ ರಸ್ತೆ ಕುಸಿದು ಗಾಡಿ ನಿಂತರೆ ಚೀಲದ ನೀರು ತಣ್ಣಗಾಗುತ್ತದೆ, ಅಮೋನಿಯಾ ಏರುತ್ತದೆ. ಮನೆಗೆ ಬಂದ ಮೇಲೆ ಸಣ್ಣ ಕೊಳವೆಯಲ್ಲಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಚೀಲಕ್ಕೆ ಬಿಡುತ್ತಾ ಒಂದೆರಡು ಗಂಟೆ ಹೊಂದಿಸಿ, ಪಾತ್ರೆಯೊಂದಿಗೇ ಮುಳುಗಿಸಿ ಇಳಿಸುತ್ತೇನೆ. ಗಾಳಿಗೆ ಎತ್ತುವುದಿಲ್ಲ.