ತಗ್ಗು ಕಾರನ್ನು ಫ್ಲ್ಯಾಟ್‌ಬೆಡ್‌ಗೆ ಏರಿಸುವ ಕ್ರಮ

ಸ್ಪ್ರಿಂಗ್ ಇಳಿಸಿದ ಸೆಡಾನ್ ಆಗಲಿ, ಸ್ಪೋರ್ಟ್ಸ್ ಕಾರಾಗಲಿ, ಬಂಪರ್ ಒಡೆಯುವುದು ಫ್ಲ್ಯಾಟ್‌ಬೆಡ್ ಲಾರಿಯ ಬೆಡ್ (ಕಾರು ಹೊರುವ ಚಪ್ಪಟೆ ಹಾಸು) ಹತ್ತುವ ಮೊದಲ ಒಂದು ಮೀಟರಿನಲ್ಲೇ. ಆದ್ದರಿಂದ ಫೋನ್ ಮಾಡುವಾಗಲೇ ಕಾರು ತಗ್ಗಿನದು ಅಂತ ಹೇಳಿ, ಬೆಡ್ ಪೂರ್ತಿ ಹಿಂದೆ ಸರಿದು ನೆಲಕ್ಕೆ ಬಾಗುವ ಹೈಡ್ರಾಲಿಕ್ ಗಾಡಿಯನ್ನೇ ಕೇಳಿ. ಬೆಡ್ ಅಲ್ಲಾಡದೆ ರ‍್ಯಾಂಪ್ ಮಾತ್ರ ಇಳಿಯುವ ಗಾಡಿಯಲ್ಲಿ, ರ‍್ಯಾಂಪ್ ಮುಗಿಯುವ ಮೂಲೆಗೆ ಕಾರಿನ ಹೊಟ್ಟೆ ತಗಲುತ್ತದೆ.

ವಿಂಚ್ (ಕೇಬಲ್ ಸುತ್ತಿ ಕಾರನ್ನು ಮೇಲಕ್ಕೆಳೆಯುವ ಯಂತ್ರ) ಮುಟ್ಟುವ ಮೊದಲು ಅಳತೆ ಟೇಪ್ ಹಿಡಿಯಿರಿ. ಬಂಪರಿನ ಕೆಳ ಅಂಚು ನೆಲದಿಂದ 120 ಮಿ.ಮೀ. ಎತ್ತರದಲ್ಲಿದ್ದು, ಟೈರ್ ನೆಲ ಮುಟ್ಟುವ ಜಾಗದಿಂದ 900 ಮಿ.ಮೀ. ಮುಂದಿದೆ ಅನ್ನಿ. ಆ ಕಾರು ತಡೆಯುವುದು ಹೆಚ್ಚೆಂದರೆ 7.5 ಡಿಗ್ರಿ ಏರು. ಬೆಡ್ 12 ಡಿಗ್ರಿ ಬಾಗಿದ್ದರೆ, ಚಕ್ರ ಬೆಡ್ ಅಂಚಿಗೆ ಬರುವ ಮೊದಲೇ ಬಂಪರ್ ಕಬ್ಬಿಣಕ್ಕೆ ಗುದ್ದಿರುತ್ತದೆ.

ಪರಿಹಾರ ಹಲಗೆ. 2.5 ಮೀಟರ್ ಉದ್ದ, 300 ಮಿ.ಮೀ. ಅಗಲದ ಗಟ್ಟಿ ಮರದ ಎರಡು ಹಲಗೆ ಬೇಕು. ಅರ್ಧ ನೆಲದ ಕಡೆ, ಅರ್ಧ ಬೆಡ್ ಮೇಲೆ ಬರುವಂತೆ ಇಟ್ಟರೆ 12 ಡಿಗ್ರಿಯ ಒಂದು ತಿರುವು 6 ಡಿಗ್ರಿಯ ಎರಡಾಗಿ ಒಡೆಯುತ್ತದೆ. ಹಲಗೆಯ ದಪ್ಪ ಬಿಟ್ಟು ಲೆಕ್ಕ ಹಾಕಿದರೆ ಬಂಪರ್ ಕೆಳಗೆ ಸುಮಾರು ಎರಡು ಸೆಂಟಿಮೀಟರ್ ಉಳಿಯುತ್ತದೆ. ನಡುವೆ, ಬೆಡ್ ಅಂಚಿನ ಮೇಲೆ, ಹಲಗೆಯಡಿ ಸುಮಾರು 130 ಮಿ.ಮೀ. ಖಾಲಿ ಇರುತ್ತದೆ. ಅಲ್ಲಿ ಮರದ ದಿಮ್ಮಿ ಕೊಡದಿದ್ದರೆ ಹಲಗೆ ಬಾಗಿ ಆ ಎರಡು ಸೆಂಟಿಮೀಟರನ್ನೇ ನುಂಗುತ್ತದೆ. ಮೇಲಿನ ತುದಿಯನ್ನು ಬೆಡ್‌ಗೆ ಹಗ್ಗದಿಂದ ಕಟ್ಟಿ, ಇಲ್ಲದಿದ್ದರೆ ಟೈರ್ ಅದನ್ನು ಹಿಂದಕ್ಕೆ ಒದೆಯುತ್ತದೆ. ಲಾರಿಯ ಹಿಂಚಕ್ರ ಕಾರಿಗಿಂತ ತಗ್ಗಿನಲ್ಲಿ ನಿಲ್ಲುವಂತೆ ಜಾಗ ಹುಡುಕಿದರೂ ಏರು ಕಮ್ಮಿಯಾಗುತ್ತದೆ. ಟೈರಿನಲ್ಲಿ ಗಾಳಿ ಇಲ್ಲದಿದ್ದರೆ ಮೊದಲು ತುಂಬಿಸಿ, ಇಲ್ಲವಾದರೆ ಅಳತೆಯೆಲ್ಲ ತಪ್ಪು.

ಎಳೆಯಲು ಕಾರಿನದೇ ಟೋ ಹುಕ್ (ಬಂಪರಿನ ರಂಧ್ರದಲ್ಲಿ ತಿರುಗಿಸಿ ಕೂರಿಸುವ ಕೊಕ್ಕೆ) ಬಳಸಿ, ಕೊನೆವರೆಗೂ ತಿರುಗಿಸಿ. ಫೋಕ್ಸ್‌ವ್ಯಾಗನ್, ಸ್ಕೋಡಾಗಳ ಹಲವು ಮಾದರಿಗಳಲ್ಲಿ ಎಡಕ್ಕೆ ತಿರುಗಿಸಬೇಕು. ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್‌ಗೆ, ಚಕ್ರ ತಿರುಗಿಸುವ ಟೈ ರಾಡ್‌ಗೆ ಕೊಕ್ಕೆ ಹಾಕಲು ಬಿಡಬೇಡಿ. ಬಾಗಿದರೆ ವೀಲ್ ಅಲೈನ್‌ಮೆಂಟ್ ಹೋಯಿತು. ಸ್ಟೇರಿಂಗ್ ಲಾಕ್ ಬಿಡಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ. ಬ್ಯಾಟರಿ ಸತ್ತು ಎಲೆಕ್ಟ್ರಾನಿಕ್ ಬ್ರೇಕ್ ಬಿಡದಿದ್ದರೆ ಬೇರೆ ಬ್ಯಾಟರಿಯಿಂದ ಜಂಪ್ ಕೊಡಿ, ಅದೂ ಆಗದಿದ್ದರೆ ಚಕ್ರದಡಿ ಸ್ಕೇಟ್ (ಜಾರುವ ತಟ್ಟೆ) ಇಡಿ. ಚಕ್ರ ಉಜ್ಜಿಕೊಂಡು ಹೋಗುವಂತೆ ಎಳೆಯಬಾರದು.

ಒಬ್ಬರು ಪಕ್ಕದಲ್ಲಿ ಮಂಡಿಯೂರಿ ಬಂಪರಿನ ಅಡಿ ನೋಡುತ್ತಿರಲಿ, ಕೇಬಲ್ಲಿನ ನೇರಕ್ಕೆ ಯಾರೂ ನಿಲ್ಲಬಾರದು. ಮೊದಲ ಒಂದೂವರೆ ಮೀಟರ್ ಒಂದೊಂದು ಗೇಣಿಗೂ ನಿಲ್ಲಿಸಿ. ಮುಂದಿನ ಚಕ್ರ ಏರಿದ ಮೇಲೆ ಕಣ್ಣು ಹಿಂದಕ್ಕೆ ಹೋಗಲಿ: ಮೂತಿ ಎದ್ದಷ್ಟೂ ಹಿಂದಿನ ಬಂಪರ್, ಸೈಲೆನ್ಸರ್ ನೆಲಕ್ಕೆ ಇಳಿಯುತ್ತವೆ.

ಕಟ್ಟುವುದು ನಾಲ್ಕೂ ಟೈರಿಗೆ, ಮೇಲಿಂದ ಬಳಸುವ ರಾಚೆಟ್ (ಹಿಡಿ ಆಡಿಸಿ ಬಿಗಿಸುವ) ಬೆಲ್ಟಿನಿಂದ. ಅಲಾಯ್ ಚಕ್ರದ ಕಡ್ಡಿಗಳ ನಡುವೆ ತೂರಿಸಿದರೆ ಬಣ್ಣ ಕಿತ್ತು ಬರುತ್ತದೆ. ಚಾಸಿಗೆ ಬಿಗಿದರೆ ಲಾರಿ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ; ಟೈರಿಗೆ ಕಟ್ಟಿದರೆ ಬಾಡಿ ಎಷ್ಟು ಕುಣಿದರೂ ಹಿಡಿತ ಹಾಗೇ ಇರುತ್ತದೆ. ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಸಿ.

ಇಳಿಸುವಾಗಲೂ ಅದೇ ಹಲಗೆ ಬೇಕು. ವಿಂಚ್ ಕೇಬಲ್ ಬಿಗಿಯಾಗಿದೆ ಅಂತ ಕೈಯಿಂದ ಮುಟ್ಟಿ ನೋಡಿದ ಮೇಲೆಯೇ ಬೆಲ್ಟ್ ಬಿಚ್ಚಿ.