ಕಾರು ಸ್ಟಾರ್ಟ್ ಆಗದಿದ್ದರೆ: ಮೆಕ್ಯಾನಿಕ್‌ಗೆ ಕರೆ ಮಾಡುವ ಮುನ್ನ

ಕೀ ತಿರುಗಿಸಿದರೂ ಎಂಜಿನ್ ಹತ್ತಿಕೊಳ್ಳದಿದ್ದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಮತ್ತೆ ಮತ್ತೆ ಕೀ ತಿರುಗಿಸುವುದು. ಇದರಿಂದ ಬ್ಯಾಟರಿಯಲ್ಲಿ ಉಳಿದಿರುವ ಅಷ್ಟಿಷ್ಟು ಶಕ್ತಿಯೂ ಖಾಲಿಯಾಗುತ್ತದೆ, ಸ್ಟಾರ್ಟರ್ ಮೋಟಾರ್ ಕಾದು ಸುಟ್ಟುಹೋಗುವ ಸಾಧ್ಯತೆಯೂ ಇರುತ್ತದೆ. ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ಮತ್ತೊಮ್ಮೆ ಪ್ರಯತ್ನಿಸುವ ಮೊದಲು ಕನಿಷ್ಠ ಅರ್ಧ ನಿಮಿಷ ಬಿಡಬೇಕು. ಆ ಅರ್ಧ ನಿಮಿಷದಲ್ಲಿ, ಈಗಷ್ಟೇ ಕೇಳಿದ ಸದ್ದು ಎಂಥದು ಎಂಬುದನ್ನು ನೆನಪಿಸಿಕೊಳ್ಳಿ. ದೋಷ ಎಲ್ಲಿದೆ ಎಂಬುದರ ಮೊದಲ ಸುಳಿವು ಸಿಗುವುದು ಅಲ್ಲಿಯೇ.

ಸದ್ದು ಏನು ಹೇಳುತ್ತದೆ?

ಬಾನೆಟ್ ಕೆಳಗಿಂದ ಟಕಟಕಟಕ ಎಂದು ಬಿಡದೆ ಸದ್ದು ಬಂದರೆ ಬ್ಯಾಟರಿ ಬಲಹೀನವಾಗಿದೆ ಅಥವಾ ಅದರ ಜೋಡಣೆ ಸಡಿಲವಾಗಿದೆ ಎಂದರ್ಥ. ಸ್ಟಾರ್ಟರ್‌ನ ಸೊಲೆನಾಯ್ಡ್ ಸ್ವಿಚ್ಚನ್ನು ಎಳೆಯುವಷ್ಟು ವಿದ್ಯುತ್ ಇರುತ್ತದೆ; ಆದರೆ ಮೋಟಾರ್ ತಿರುಗಲು ಹೊರಟ ಕ್ಷಣದಲ್ಲೇ ವೋಲ್ಟೇಜ್ ಕುಸಿದು ಸ್ವಿಚ್ ಬಿಟ್ಟುಕೊಳ್ಳುತ್ತದೆ, ಹೊರೆ ಇಳಿದ ಕೂಡಲೇ ವೋಲ್ಟೇಜ್ ಚೇತರಿಸಿಕೊಂಡು ಸ್ವಿಚ್ ಮತ್ತೆ ಎಳೆಯಲ್ಪಡುತ್ತದೆ. ಒಂದೇ ಒಂದು ಗಟ್ಟಿಯಾದ 'ಟಕ್' ಕೇಳಿ ಸುಮ್ಮನಾದರೆ ಸ್ಟಾರ್ಟರ್ ಅಥವಾ ಅದರ ವೈರಿನ ಮೇಲೆ ಅನುಮಾನ ಪಡಬೇಕು. ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿದ್ದು ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರಿ ಫಲವಿಲ್ಲ. ಇಂಧನ, ಕಿಡಿ ಅಥವಾ ಕೀಲಿಯ ಭದ್ರತಾ ವ್ಯವಸ್ಥೆಯಲ್ಲಿ ತೊಂದರೆಯಿದೆ.

ಅನುಮಾನ ಉಳಿದರೆ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಪೂರ್ತಿ ಮಂಕಾದರೆ ಹೆಚ್ಚಾಗಿ ಬ್ಯಾಟರಿ ಅಥವಾ ಟರ್ಮಿನಲ್‌ಗಳ ದೋಷ; ಬೆಳಕು ಸ್ವಲ್ಪವೂ ಕದಲದಿದ್ದರೆ ಸ್ಟಾರ್ಟರ್‌ಗೆ ವಿದ್ಯುತ್ತೇ ತಲುಪುತ್ತಿಲ್ಲ.

ಮೊದಲು ಟರ್ಮಿನಲ್

ಖರ್ಚೇ ಇಲ್ಲದ ದುರಸ್ತಿ ಇದು, ಆದ್ದರಿಂದ ಇಲ್ಲಿಂದಲೇ ಆರಂಭಿಸಬೇಕು. ಕೀ ತೆಗೆದಿಟ್ಟು, ಬ್ಯಾಟರಿಯ ಎರಡೂ ಟರ್ಮಿನಲ್‌ಗಳನ್ನು ಕೈಯಿಂದ ತಿರುಗಿಸಲು ನೋಡಿ. ಕೈಗೇ ಅಲುಗಿದರೆ ಸ್ಪ್ಯಾನರ್‌ನಿಂದ ಬಿಗಿ ಮಾಡಿ ಮತ್ತೊಮ್ಮೆ ಸೆಲ್ಫ್ ಹೊಡೆಯಿರಿ. ಎಷ್ಟೋ ಕಾರುಗಳು ಇಷ್ಟಕ್ಕೇ ಸ್ಟಾರ್ಟ್ ಆಗುತ್ತವೆ. ಅನೇಕ ಕಾರುಗಳಲ್ಲಿ ಇದಕ್ಕೆ 10 ಮಿ.ಮೀ. ಸ್ಪ್ಯಾನರ್ ಸಾಕಾಗುತ್ತದೆ. ಟರ್ಮಿನಲ್ ಸುತ್ತ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಬಿಗಿ ಮಾಡಿದರೆ ಸಾಲದು, ಬಿಚ್ಚಿ ತೊಳೆಯಬೇಕು. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಈ ಕ್ರಮ ತಪ್ಪಿ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಗುಲಿದರೆ ಅಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಉಂಗುರ, ಲೋಹದ ಕೈಗಡಿಯಾರ ತೆಗೆದಿಟ್ಟು ಕೈಗವಸು ಹಾಕಿಕೊಳ್ಳಿ.

ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆ ಪುಡಿಯ ಮೇಲೆ ಸವರಿ. ಆಮ್ಲ ಇದ್ದ ಕಡೆಯೆಲ್ಲ ನೊರೆ ಏಳುತ್ತದೆ. ನೊರೆ ನಿಲ್ಲುವವರೆಗೂ ಉಜ್ಜಿ, ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಸೀಸದ ಕಂಬದ ಹೊರಮೈಯನ್ನೂ ಅದನ್ನು ಅಪ್ಪಿ ಹಿಡಿಯುವ ಕ್ಲಾಂಪ್‌ನ ಒಳಮೈಯನ್ನೂ ಉಪ್ಪುಕಾಗದದಿಂದ ಹೊಳಪು ಬರುವಂತೆ ತಿಕ್ಕಿ. ವಿದ್ಯುತ್ ಹಾಯುವುದು ಈ ಎರಡು ಮೈಗಳ ನಡುವೆಯೇ ಆದ್ದರಿಂದ, ಹೊರಗೆ ಎಷ್ಟೇ ಚೊಕ್ಕಟವಾಗಿ ಕಂಡರೂ ಒಳಗೆ ಕಪ್ಪು ಪದರ ಉಳಿದರೆ ಶ್ರಮ ವ್ಯರ್ಥ. ಬಿಗಿ ಮಾಡಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಪುಡಿ ಬೇಗ ಮರಳಿ ಕಟ್ಟುವುದಿಲ್ಲ.

ಬ್ಯಾಟರಿಯೇ ಇಳಿದಿದ್ದರೆ

ಸಾದಾ ಮಲ್ಟಿಮೀಟರ್ ಒಂದಿದ್ದರೆ ಊಹೆಯ ಅಗತ್ಯವಿಲ್ಲ. ಕೆಲವು ಗಂಟೆ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ರ ಹತ್ತಿರವಿದ್ದರೆ ಅರ್ಧ ಖಾಲಿ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ.

ಇನ್ನೊಂದು ಕಾರಿನಿಂದ ಜಂಪರ್ ಕೇಬಲ್ ಮೂಲಕ ಸ್ಟಾರ್ಟ್ ಮಾಡುವಾಗ ಎರಡೂ ಕಾರುಗಳು ಒಂದಕ್ಕೊಂದು ತಗುಲಿರಬಾರದು, ಎರಡರ ಬ್ಯಾಟರಿಯೂ 12 ವೋಲ್ಟ್‌ನದಾಗಿರಬೇಕು. ಕೆಂಪು ಕೇಬಲ್‌ನ ಒಂದು ತುದಿಯನ್ನು ಇಳಿದ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ ಹಾಕಿ. ಬಳಿಕ ಕಪ್ಪು ಕೇಬಲ್‌ನ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಕೊನೆಯ ತುದಿಯನ್ನು ನಿಂತುಹೋದ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಬೇಕು. ಅದನ್ನು ಬ್ಯಾಟರಿಯ ಮೈನಸ್‌ಗೆ ಹಾಕದಿರುವುದಕ್ಕೆ ಕಾರಣವಿದೆ: ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಅನಿಲಕ್ಕೆ ಕೊನೆಯ ಜೋಡಣೆಯ ಕಿಡಿ ತಾಗಿದರೆ ಬ್ಯಾಟರಿ ಸಿಡಿಯಬಹುದು. ಒಳ್ಳೆಯ ಕಾರಿನ ಎಂಜಿನ್ನನ್ನು ನಿಂತಲ್ಲೇ ಕೆಲವು ನಿಮಿಷ ಓಡಿಸಿಟ್ಟು, ನಿಂತುಹೋದ ಕಾರಿನ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಮೇಲೆ ಹಾಕಿದ್ದಕ್ಕೆ ಹಿಮ್ಮುಖ ಕ್ರಮದಲ್ಲಿ ಕೇಬಲ್ ತೆಗೆಯಿರಿ. ಉಬ್ಬಿದ, ಬಿರುಕು ಬಿಟ್ಟ ಅಥವಾ ಸೋರುತ್ತಿರುವ ಬ್ಯಾಟರಿಗೆ ಈ ಪ್ರಯೋಗ ಬೇಡವೇ ಬೇಡ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುವಲ್ ಗೇರಿನ ಕಾರಿಗೆ ಮಾತ್ರ ಸಾಧ್ಯ. ಕೀ ಆನ್ ಮಾಡಿ, ಎರಡನೇ ಗೇರ್ ಹಾಕಿ, ಕ್ಲಚ್ ಒತ್ತಿಹಿಡಿದು, ಕಾರು ವೇಗ ಪಡೆದಾಗ ಕ್ಲಚ್ ಬಿಡಬೇಕು. ಎಂಜಿನ್ ಓಡದಿದ್ದಾಗ ಬ್ರೇಕ್ ಮತ್ತು ಸ್ಟೇರಿಂಗ್ ತುಂಬಾ ಗಡುಸಾಗಿರುತ್ತವೆ ಎಂಬುದು ನೆನಪಿರಲಿ. ವಾಹನ ಸಂಚಾರವಿರುವ ರಸ್ತೆಯಲ್ಲಿ ಇದನ್ನು ಮಾಡಬಾರದು.

ದೀಪ ಉರಿಯುತ್ತದೆ, ಸೆಲ್ಫ್ ಇಲ್ಲ

ಆಟೊಮ್ಯಾಟಿಕ್ ಕಾರಾದರೆ ಬ್ರೇಕ್ ಒತ್ತಿಹಿಡಿದು ಗೇರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ತಂದು ಪ್ರಯತ್ನಿಸಿ. ಗೇರಿನ ಸ್ವಿಚ್ ಹಳೆಯದಾದಾಗ ಪಾರ್ಕ್‌ನಲ್ಲಿ ಸೆಲ್ಫ್ ಸಿಗದೆ ನ್ಯೂಟ್ರಲ್‌ನಲ್ಲಿ ಸಿಗುವುದುಂಟು. ಮ್ಯಾನುವಲ್ ಕಾರಿನಲ್ಲಿ ಕ್ಲಚ್ ಪೂರ್ತಿ ಕೆಳಗಿಳಿಯುತ್ತಿದೆಯೇ ಎಂದು ನೋಡಿ, ಪೆಡಲ್ ಕೆಳಗೆ ಸೇರಿಕೊಂಡ ಮ್ಯಾಟ್ ಕೂಡ ಅಡ್ಡಿಯಾಗಬಹುದು. ಬಟನ್ ಸ್ಟಾರ್ಟ್ ಕಾರು ಕೀಲಿಯನ್ನು ಗುರುತಿಸದಿದ್ದರೆ ಕೀಲಿಯೊಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು. ಹಲವು ಕಾರುಗಳಲ್ಲಿ ಕೀಲಿಯನ್ನೇ ಬಟನ್‌ಗೆ ತಾಗಿಸಿ ಒತ್ತಿದರೆ ಕೆಲಸ ನಡೆಯುತ್ತದೆ. ಒಂದೇ 'ಟಕ್' ಸದ್ದು ಬರುವ ಕಾರಿನಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್‌ಬ್ರೇಕ್ ಹಾಕಿರುವಾಗ, ಒಬ್ಬರು ಕೀ ತಿರುಗಿಸುತ್ತಿದ್ದಂತೆ ಇನ್ನೊಬ್ಬರು ಮರದ ಹಿಡಿಯಿಂದ ಸ್ಟಾರ್ಟರ್ ಮೈಯನ್ನು ಮೆಲ್ಲಗೆ ತಟ್ಟಿದರೆ ಅದರೊಳಗೆ ವಿದ್ಯುತ್ ಹಾಯಿಸುವ ಸವೆದ ಕಾರ್ಬನ್ ಬ್ರಷ್‌ಗಳು ಮತ್ತೆ ಸಂಪರ್ಕಕ್ಕೆ ಬರಬಹುದು. ಗ್ಯಾರೇಜ್ ತಲುಪಲು ಇದು ಸಾಕು, ಆದರೆ ದೋಷ ಹಾಗೆಯೇ ಉಳಿದಿರುತ್ತದೆ.

ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ

ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ 'ಗುಂಯ್' ಎನ್ನುವ ಪಂಪಿನ ಸದ್ದು ಸಾಮಾನ್ಯವಾಗಿ ಕೇಳಬೇಕು. ಕೇಳದಿದ್ದರೆ ಫ್ಯೂಸ್ ಪೆಟ್ಟಿಗೆ ತೆರೆದು, ಇಂಧನ ಪಂಪಿನ ಫ್ಯೂಸ್ ತೆಗೆದು, ಒಳಗಿನ ತಂತಿ ತುಂಡಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಹೊಸದು ಹಾಕುವಾಗ ಅಷ್ಟೇ ಆಂಪಿಯರ್‌ನದನ್ನು ಹಾಕಬೇಕು: ಸಾಮಾನ್ಯವಾಗಿ ಕೆಂಪು 10, ನೀಲಿ 15, ಹಳದಿ 20. ಹೆಚ್ಚಿನದನ್ನು ಹಾಕಿದರೆ ಫ್ಯೂಸ್ ಬದಲು ವೈರು ಸುಡುತ್ತದೆ. ಪಂಪಿನ ರಿಲೇ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್) ಮತ್ತು ಹಾರ್ನ್ ರಿಲೇ ಒಂದೇ ನಮೂನೆಯವಾಗಿದ್ದರೆ ಅದಲುಬದಲು ಮಾಡಿ ಪರೀಕ್ಷಿಸಬಹುದು.

ಪೆಟ್ರೋಲ್ ವಾಸನೆ ಜೋರಾಗಿದ್ದರೆ ಎಂಜಿನ್‌ಗೆ ಇಂಧನ ಹೆಚ್ಚಾಗಿದೆ. ಎಂಜಿನ್ ಕೆಳಗೆ ಸೋರಿಕೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಆಕ್ಸಿಲರೇಟರ್ ತಳಕ್ಕೆ ಒತ್ತಿಹಿಡಿದು ಸೆಲ್ಫ್ ಹೊಡೆಯಿರಿ. ಬಹುತೇಕ ಇಂಜೆಕ್ಷನ್ ಎಂಜಿನ್‌ಗಳು ಆಗ ಇಂಧನ ಕಡಿತಗೊಳಿಸಿ ಗಾಳಿಯನ್ನಷ್ಟೇ ಎಳೆಯುತ್ತವೆ. ಡೀಸೆಲ್ ಕಾರಾದರೆ ಕೀ ಆನ್ ಮಾಡಿ, ಡ್ಯಾಶ್‌ಬೋರ್ಡ್‌ನ ಸುರುಳಿಯಾಕಾರದ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆಯಬೇಕು.

ನೀರಿನಲ್ಲಿ ಮುಳುಗಿದ್ದ ಕಾರಿಗೆ ಮಾತ್ರ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರಿಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಕೆಡುತ್ತದೆ. ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ ತಿರುಗಿದಂತೆ ಕೇಳಿದರೂ ನಿಲ್ಲಿಸಿ. ಎಂಜಿನ್‌ನ ಕವಾಟಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು.

ಕಾರು ಸ್ಟಾರ್ಟ್ ಆಯಿತು ಎನ್ನಿ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ಕೆಲವರು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಪರೀಕ್ಷಿಸಲು ಓಡುತ್ತಿರುವ ಎಂಜಿನ್‌ನ ಬ್ಯಾಟರಿ ವೈರನ್ನೇ ಬಿಚ್ಚುತ್ತಾರೆ. ಹಾಗೆ ಮಾಡಿದರೆ ವೋಲ್ಟೇಜ್ ಏಕಾಏಕಿ ಏರಿ ಕಾರಿನ ಎಲೆಕ್ಟ್ರಾನಿಕ್ ಭಾಗಗಳು ಕೆಡಬಹುದು. ಮೀಟರ್ 12.6 ದಾಟದಿದ್ದರೆ ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲ. ಎಸಿ, ಮ್ಯೂಸಿಕ್ ಸಿಸ್ಟಂ ಆರಿಸಿ, ದಾರಿಯಲ್ಲೆಲ್ಲೂ ಎಂಜಿನ್ ಬಂದ್ ಮಾಡದೆ ಹತ್ತಿರದ ಗ್ಯಾರೇಜಿಗೆ ಹೋಗಬೇಕು.