ಹಾಸನದ ಚೀಲ, ಹನುಮಂತನಗರದ ಅಡುಗೆಮನೆ

ವರ್ಷಕ್ಕೊಮ್ಮೆ, ಗಣೇಶನ ಹಬ್ಬದ ಆಸುಪಾಸಿನಲ್ಲಿ, ನಮ್ಮ ಮನೆಗೆ ಹಾಸನದ ಕಡೆಯಿಂದ ಒಂದು ಚೀಲ ಆಲೂಗಡ್ಡೆ ಬರುತ್ತದೆ. ನಾದಿನಿಯ ಮನೆಯವರು ಬೆಳೆದದ್ದು. ಯಶವಂತಪುರದ ಮಾರುಕಟ್ಟೆಗೆ ಹೊರಟ ಲಾರಿಯಲ್ಲಿ ನಮ್ಮದೊಂದು ಚೀಲವನ್ನೂ ಏರಿಸಿಬಿಡುತ್ತಾರೆ. ಅಲ್ಲಿಂದ ಹನುಮಂತನಗರದ ನಮ್ಮ ಮೊದಲ ಮಹಡಿಗೆ ತರಿಸಿಕೊಳ್ಳುವುದು ನಮ್ಮ ಪಾಡು. ಐವತ್ತು ಕೆಜಿ. ತಿನ್ನುವವರು ಮೂವರು, ಅದರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ.

ಚೀಲ ಬರುವ ಮೊದಲೇ ನಾದಿನಿಯ ಫೋನ್ ಬರುತ್ತದೆ. "ಅತ್ತಿಗೆ, ಈ ಸಲ ಮಳೆ ಜಾಸ್ತಿ. ಗಡ್ಡೆಯಲ್ಲಿ ನೀರಿದೆ, ಬಹಳ ದಿನ ಇಡಬೇಡಿ." ಈ ಮಾತು ಪ್ರತಿವರ್ಷವೂ ಒಂದೇ, ಪ್ರತಿವರ್ಷವೂ ನಿಜ. ಹಾಸನದಲ್ಲಿ ಮೇ-ಜೂನ್ ಮಳೆಗೆ ಬಿತ್ತಿ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಹಸಿ ಮಣ್ಣಿನಿಂದ ಕೀಳುತ್ತಾರೆ. ಸಿಪ್ಪೆ ತೆಳು, ಉಗುರು ತಾಗಿದರೆ ಸುಲಿದುಬರುತ್ತದೆ. ಆಗ್ರಾ ಕಡೆಯ ಗಡ್ಡೆಯ ಕಥೆ ಬೇರೆ. ಅದನ್ನು ಚಳಿಗಾಲ ಮುಗಿಯುವಾಗ ಒಣ ನೆಲದಿಂದ ಕಿತ್ತು ಶೀತಲಗೃಹಕ್ಕೆ ತುಂಬುತ್ತಾರೆ. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದ ಬುಟ್ಟಿಯಲ್ಲಿ ಕೂತಿರುತ್ತವೆ, ಆದರೆ ಮನೆಯಲ್ಲಿ ಎರಡನ್ನೂ ಒಂದೇ ರೀತಿ ಇಟ್ಟುಕೊಳ್ಳಲು ಆಗುವುದಿಲ್ಲ.

ಹಾಗಾಗಿ ಚೀಲ ಬಂದ ದಿನ ನಮ್ಮ ಮನೆಯಲ್ಲಿ ಬೇರೆ ಕೆಲಸವಿಲ್ಲ. ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಫ್ಯಾನ್ ಹಾಕಿ, ಇಡೀ ಚೀಲವನ್ನು ಸುರಿದು ಹರಡುತ್ತೇನೆ. ತೊಳೆಯುವುದಿಲ್ಲ. ಮಣ್ಣು ಒಣಗಿ ತಾನಾಗಿ ಉದುರಬೇಕು. ನೀರು ತಾಗಿದ ಗಡ್ಡೆ ಕೊಳೆಯಲು ಕಾದು ಕೂತಿರುತ್ತದೆ. ಒಣಗಿದ ಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು ಒತ್ತಿ ನೋಡಿ ಆರಿಸುತ್ತೇನೆ. ಗುದ್ದಲಿ ಏಟು ಬಿದ್ದು ಸೀಳಿದವು ಒಂದು ಕಡೆ. ಗೋಲಿಯಷ್ಟು ಚಿಕ್ಕವು ಒಂದು ಕಡೆ. ಮುಷ್ಟಿ ಮೀರಿದ ದಪ್ಪನೆಯವು ಇನ್ನೊಂದು ಕಡೆ. ಗಾಯವಿಲ್ಲದ, ಗಟ್ಟಿಯಾದ ಮಧ್ಯಮ ಗಾತ್ರದವು ಮಾತ್ರ ಇಡಲು ಯೋಗ್ಯ. ಮೆತ್ತಗಾಗಿ ನೀರು ಬಿಡುತ್ತಿರುವುದು, ವಾಸನೆ ಬಂದದ್ದು ಯಾವುದೇ ಇದ್ದರೂ ಅದಕ್ಕೆ ಕರುಣೆ ತೋರಿಸುವುದಿಲ್ಲ. ಒಂದು ಕೊಳೆತ ಗಡ್ಡೆಯ ನೀರು ತಾಗಿದರೆ ಸುತ್ತಲಿನ ನಾಲ್ಕು ಹಾಳಾಗುತ್ತವೆ, ಆ ನಾತ ಪರದೆಗೂ ಹತ್ತುತ್ತದೆ.

ಹಂಚುವುದೂ ಅದೇ ದಿನ. ಇಲ್ಲಿ ನನ್ನದೊಂದು ಹಟವಿದೆ: ಕೊಡುವುದಾದರೆ ಗಟ್ಟಿ, ಒಳ್ಳೆಯ ಗಡ್ಡೆಯನ್ನೇ ಕೊಡಬೇಕು. ತಿಂಗಳು ಕಳೆದು ಮೊಳಕೆ ಬಂದ ಮೇಲೆ ಕೆಳಗಿನ ಮನೆಯವರ ಬಾಗಿಲು ತಟ್ಟುವುದು ದಾನವಲ್ಲ, ನಮ್ಮ ಕಸವನ್ನು ಅವರ ಮನೆಗೆ ಸಾಗಿಸುವುದು. ಮನೆ ಮಾಲೀಕರಿಗೆ, ಕೆಲಸಕ್ಕೆ ಬರುವಾಕೆಗೆ, ಎದುರು ಮನೆಯ ಅಜ್ಜಿಗೆ, ಗಂಡನ ಕಚೇರಿಯ ಇಬ್ಬರಿಗೆ ಕೊಟ್ಟರೆ ಹೆಚ್ಚುಕಡಿಮೆ ಅರ್ಧ ಚೀಲ ಇಳಿಯುತ್ತದೆ. ಉಳಿದರ್ಧ ನಮ್ಮದು.

ಇಡುವ ಜಾಗಕ್ಕೆ ಕತ್ತಲೆ ಬೇಕು, ಗಾಳಿ ಬೇಕು, ತಂಪು ಬೇಕು. ಈ ಮೂರೂ ಸಿಗುವುದು ಮಲಗುವ ಕೋಣೆಯ ಮಂಚದ ಕೆಳಗೆ ಮಾತ್ರ. ಯುಟಿಲಿಟಿಯಲ್ಲಿ ಬೆಳಕು ಹೆಚ್ಚು, ಅಡುಗೆಮನೆಯಲ್ಲಿ ಒಲೆಯ ಶಾಖ. ಗೋಣಿ ಹಾಸಿ, ಒಂದೇ ಪದರದಲ್ಲಿ ಹರಡಿ, ಮೇಲೆ ಇನ್ನೊಂದು ಗೋಣಿ ಮುಚ್ಚುತ್ತೇನೆ. ಈರುಳ್ಳಿಯನ್ನು ಹತ್ತಿರ ಸೇರಿಸುವುದಿಲ್ಲ. ಫ್ರಿಜ್ ಖಾಲಿ ಇದೆಯೆಂದು ಹಸಿ ಗಡ್ಡೆಯನ್ನು ಅದರಲ್ಲಿ ತುಂಬುವವರಿದ್ದಾರೆ. ಹೆಚ್ಚು ತಣ್ಣಗಾದರೆ ಅದರ ಪಿಷ್ಟ ಸಕ್ಕರೆಯಾಗಿ ತಿರುಗುತ್ತದೆ. ಪಲ್ಯ ಸಿಹಿಯಾಗುತ್ತದೆ, ಕರಿದರೆ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ.

ಇನ್ನು ಸಂಡಿಗೆಯ ವಿಚಾರ. ಚೀಲದ ಸುದ್ದಿ ಕೇಳಿದವರೆಲ್ಲ ಕೊಡುವ ಸಲಹೆ ಒಂದೇ: "ಸಂಡಿಗೆ ಮಾಡಿಬಿಡಿ." ಸೆಪ್ಟೆಂಬರ್‌ನ ಬೆಂಗಳೂರಿನಲ್ಲಿ ತಾರಸಿಯ ಮೇಲೆ ಸಂಡಿಗೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಮಳೆ. ಅರ್ಧ ಒಣಗಿದ ಹೋಳು ರಾತ್ರಿಯೊಳಗೆ ಲೋಳೆಯಾಗುತ್ತದೆ. ಸಂಡಿಗೆಯನ್ನು ನಾನು ಮಾರ್ಚ್-ಏಪ್ರಿಲ್‌ಗೆ ಬಿಡುತ್ತೇನೆ, ಅದೂ ಆಗ ಅಗ್ಗವಾಗಿ ಸಿಗುವ ಉತ್ತರದ ಗಡ್ಡೆಯಲ್ಲಿ. ಆಲೂಗಡ್ಡೆಯ ತೂಕದಲ್ಲಿ ಸುಮಾರು ಶೇಕಡ 80 ನೀರೇ. ಐದು ಕೆಜಿ ಹೆಚ್ಚಿ ಒಣಗಿಸಿದರೆ ಡಬ್ಬಿಗೆ ಸೇರುವುದು ಒಂದು ಕೆಜಿ. ಆ ನೀರನ್ನೆಲ್ಲ ಎಳೆದುಕೊಳ್ಳಲು ಬೇಸಿಗೆಯ ಬಿಸಿಲೇ ಆಗಬೇಕು.

ಹಾಸನದ ಗಡ್ಡೆಯನ್ನು ಅಡುಗೆಯಲ್ಲೇ ಮುಗಿಸಬೇಕು, ಮತ್ತು ಇವತ್ತು ಏನು ಅಡುಗೆಯೆಂಬುದನ್ನು ಗಡ್ಡೆಯ ಸ್ಥಿತಿಯೇ ಹೇಳಬೇಕು. ನಮಗೆ ಏನು ತಿನ್ನಬೇಕೆನಿಸಿದೆ ಎಂಬುದು ಆಮೇಲೆ. ಏಟು ಬಿದ್ದವು ಮೊದಲ ವಾರದಲ್ಲೇ ಮುಗಿಯಬೇಕು. ಗಾಯದ ಭಾಗ ಕೆತ್ತಿದ ಮೇಲೆ ಆಕಾರ ಉಳಿಯುವುದಿಲ್ಲವಾದ್ದರಿಂದ ಅವು ಸಾಗುವಿಗೆ, ಮಸಾಲೆ ದೋಸೆಯ ಪಲ್ಯಕ್ಕೆ. ಒಂದು ಭಾಗವನ್ನು ಹಸಿಯಾಗಿಯೇ ತುರಿದು ಅಕ್ಕಿ ರೊಟ್ಟಿಯ ಹಿಟ್ಟಿಗೆ ಸೇರಿಸುತ್ತೇನೆ. ರೊಟ್ಟಿ ತಟ್ಟುವಾಗ ಬಿರಿಯುವುದಿಲ್ಲ, ಆರಿದ ಮೇಲೂ ಮೆತ್ತಗಿರುತ್ತದೆ. ಗೋಲಿ ಗಡ್ಡೆಗಳನ್ನು ಸುಲಿಯಲು ಕೂತರೆ ಬೆಳಗಾಗುತ್ತದೆ. ಒರಟು ಬಟ್ಟೆಯಲ್ಲಿ ಕಟ್ಟಿ ನೀರಿನಡಿ ಉಜ್ಜಿ, ಸಿಪ್ಪೆಸಮೇತ ಬೇಯಿಸಿ, ಬಾಣಲೆಯಲ್ಲಿ ಸಾರಿನಪುಡಿ ಹಾಕಿ ಹುರಿದರೆ ಮಗಳು ಊಟಕ್ಕೆ ಕರೆಸಿಕೊಳ್ಳುವುದಿಲ್ಲ. ದಪ್ಪನೆಯವು ಬಜ್ಜಿಗೆ.

ವಾರದ ನಡುವೆ ನನ್ನ ಕೆಲಸ ಸುಲಭ ಮಾಡಿದ್ದು ಒಂದೇ ಅಭ್ಯಾಸ: ಕುಕ್ಕರಿನಲ್ಲಿ ತುಂಬ ಬೇಯಿಸಿ, ಆರಿಸಿ, ಸಿಪ್ಪೆ ತೆಗೆಯದೆ ಫ್ರಿಜ್‌ನಲ್ಲಿಡುವುದು. ಬೇಯಿಸಿದ್ದಕ್ಕೆ ಫ್ರಿಜ್ ಅಡ್ಡಿಯಿಲ್ಲ. ಮರುದಿನಕ್ಕೆ ಗಡ್ಡೆ ಬಿಗಿಯಾಗಿರುತ್ತದೆ, ಹೋಳು ಮಾಡಿದರೆ ಅಂಚು ಮುರಿಯುವುದಿಲ್ಲ, ಹುರಿದ ಪಲ್ಯಕ್ಕೆ ಬಿಸಿ ಗಡ್ಡೆಗಿಂತ ಇದೇ ಮೇಲು. ಎರಡು ಮೂರು ದಿನದೊಳಗೆ ಖಾಲಿ ಮಾಡುತ್ತೇನೆ. ಹುಳಿಗೆ ಹಾಕುವುದಾದರೆ ಮಾತ್ರ ಹಸಿ ಹೋಳು. ಆಗ ಗಡ್ಡೆ ಪೂರ್ತಿ ಬೆಂದ ಮೇಲೆಯೇ ಹುಣಸೆರಸ ಬಿಡಬೇಕು. ಮೊದಲೇ ಬಿಟ್ಟರೆ ಎಷ್ಟು ಕುದಿಸಿದರೂ ಹೋಳಿನ ನಡುವೆ ಗಟ್ಟಿ ಉಳಿಯುತ್ತದೆ. ಅವರೆಕಾಳು-ಆಲೂಗಡ್ಡೆ ಹುಳಿಯ ಆಸೆ ಎಲ್ಲರಿಗೂ ಇದೆ, ಆದರೆ ಸೊಗಡಿನ ಅವರೆ ಬರುವುದು ಡಿಸೆಂಬರಿಗೆ. ಅಲ್ಲಿಯವರೆಗೆ ಅಲಸಂದೆಯಲ್ಲಿ ಸಮಾಧಾನ.

ಪಕ್ಷ ಮಾಸದಲ್ಲಿ ಒಂದು ತಡೆ ಬರುತ್ತದೆ. ನಮ್ಮಲ್ಲಿ ಶ್ರಾದ್ಧದ ಅಡುಗೆಗೆ ಆಲೂಗಡ್ಡೆ ಸೇರಿಸುವುದಿಲ್ಲ. ಅದಕ್ಕೆ ಮುಂಚೆಯೇ ಒಂದಿಷ್ಟನ್ನು ಬೇಯಿಸಿ, ನುಣ್ಣಗೆ ಹಿಸುಕಿ, ಉಪ್ಪು ಮತ್ತು ಸ್ವಲ್ಪ ಎಣ್ಣೆ ಬೆರೆಸಿ, ಚೀಲದಲ್ಲಿ ತೆಳ್ಳಗೆ ತಟ್ಟಿ ಫ್ರೀಜರಿಗೆ ಸೇರಿಸುತ್ತೇನೆ. ಪರಾಠಕ್ಕೆ, ಬೋಂಡಕ್ಕೆ ಹೊರಗೆ ತೆಗೆದರಾಯಿತು. ಹಸಿ ಹೋಳನ್ನು ಹಾಗೆಯೇ ಫ್ರೀಜರಿಗೆ ಹಾಕಿದರೆ ಕಪ್ಪಾಗಿ, ಕರಗಿದಾಗ ನೀರು ನೀರಾಗುತ್ತದೆ.

ಹಸಿರು ತಿರುಗಿದ ಗಡ್ಡೆಯ ಬಗ್ಗೆ ಮಾತ್ರ ಉಳಿತಾಯದ ಬುದ್ಧಿ ಬೇಡ. ಬೆಳಕು ಬಿದ್ದಾಗ ಹಸಿರು ಬಣ್ಣದ ಜೊತೆಗೆ ಸೊಲನೈನ್ ಎಂಬ ವಿಷವೂ ಸಿಪ್ಪೆಯಲ್ಲಿ ಹೆಚ್ಚುತ್ತದೆ, ಅದು ಬೇಯಿಸಿದರೆ ಹೋಗುವುದಿಲ್ಲ. ಒಂದು ಚುಕ್ಕೆಯಿದ್ದರೆ ದಪ್ಪಗೆ ಕೆತ್ತಿ ಬಳಸುತ್ತೇನೆ. ಅರ್ಧಕ್ಕರ್ಧ ಹಸಿರಾಗಿದ್ದರೆ, ಬಾಯಿಗೆ ಕಹಿ ಬಂದರೆ, ಗೊಬ್ಬರದ ಡಬ್ಬಕ್ಕೆ. ಮೊಳಕೆ ಈಗಷ್ಟೇ ಇಣುಕಿದ್ದು, ಗಡ್ಡೆ ಗಟ್ಟಿಯಾಗಿದ್ದರೆ ಕಣ್ಣುಸಮೇತ ಕಿತ್ತು ತೆಗೆದರೆ ಸಾಕು.

ತುರಿದು ಹಿಂಡಿದ ನೀರನ್ನೂ ನಾನು ಚೆಲ್ಲುವುದಿಲ್ಲ. ಪಾತ್ರೆಯಲ್ಲಿ ಬಿಟ್ಟರೆ ತಳದಲ್ಲಿ ಬಿಳಿಯ ಪಿಷ್ಟ ಗಟ್ಟಿಯಾಗಿ ಕೂರುತ್ತದೆ. ಮೇಲಿನ ಕೆಂಪು ನೀರು ಬಸಿದು, ಹೊಸ ನೀರು ಹಾಕಿ ಮತ್ತೊಮ್ಮೆ ಕೂರಿಸಿದರೆ ಶುಭ್ರವಾಗುತ್ತದೆ. ಅದನ್ನು ಕುದಿಸಿ ತೆಳ್ಳಗೆ ಗಂಜಿ ಮಾಡಿ ಅತ್ತೆಯ ಹತ್ತಿ ಸೀರೆಗಳಿಗೆ ಹಾಕುತ್ತೇನೆ. ಅತ್ತೆಗೆ ಅಕ್ಕಿ ಗಂಜಿಯೇ ಶ್ರೇಷ್ಠ, ಆದರೂ ಉಡುತ್ತಾರೆ.

ದೀಪಾವಳಿ ಕಳೆದ ಮೇಲೂ ಮಂಚದಡಿ ಕೆಲವು ಉಳಿದಿದ್ದು, ಜೋರಾಗಿ ಮೊಳೆತಿದ್ದರೆ ಅವು ಕುಂಡಕ್ಕೆ ಹೋಗುತ್ತವೆ. ಹೊಸದಾಗಿ ಕಿತ್ತ ಗಡ್ಡೆ ಕೆಲವು ವಾರ ನಿದ್ದೆಯಲ್ಲಿರುತ್ತದೆ, ಎಚ್ಚರವಾಗುವ ಹೊತ್ತಿಗೆ ಬೆಂಗಳೂರಿನ ಚಳಿಯೂ ಶುರುವಾಗಿರುತ್ತದೆ. ಮಣ್ಣು ಬಿಸಿಯಾದರೆ ಎಲೆ ಬರುತ್ತದೆಯೇ ಹೊರತು ಗಡ್ಡೆ ಕಟ್ಟುವುದಿಲ್ಲ, ಹಾಗಾಗಿ ನವೆಂಬರೇ ಸರಿ. ಹಳೆಯ ಸಿಮೆಂಟ್ ಚೀಲದ ತಳಕ್ಕೆ ತೂತು ಮಾಡಿ, ಅರ್ಧ ಮಣ್ಣು-ಗೊಬ್ಬರ ತುಂಬಿ ನೆಟ್ಟು, ಗಿಡ ಎದ್ದಂತೆ ಮಣ್ಣು ಏರಿಸುತ್ತೇನೆ. ಮೂರು ತಿಂಗಳಿಗೆ ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಸಿಕ್ಕರೆ ಹೆಚ್ಚು. ನೆಡುವುದು ಮಗಳ ಖುಷಿಗೆ.

ಮೊಳೆಯದೆ ಬರೀ ಸುಕ್ಕುಗಟ್ಟಿದವನ್ನು ನೋಡಿ ಮುಖ ಸಿಂಡರಿಸುವವರೇ ಹೆಚ್ಚು. ಒತ್ತಿದರೆ ಮೆತ್ತಗಿಲ್ಲದಿದ್ದರೆ ನಾನು ಅವನ್ನು ಬೋಂಡಕ್ಕೆಂದೇ ತೆಗೆದಿಡುತ್ತೇನೆ. ನೀರು ಆರಿರುವುದರಿಂದ ಉಂಡೆ ಬಿಗಿಯಾಗಿ ನಿಲ್ಲುತ್ತದೆ, ಎಣ್ಣೆಯಲ್ಲಿ ಬಿಚ್ಚಿಕೊಳ್ಳುವುದಿಲ್ಲ.